ಕಡಲಿಗೆ ರಜೆ, ಮೆನುವಿಗೆ ಇಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಮೀನುಗಳಿಗೆ ಹೆರಿಗೆ ರಜೆ. ಒಟ್ಟು 61 ದಿನ, ಸರಕಾರವೇ ಮಂಜೂರು ಮಾಡಿದ್ದು. ಮೊಟ್ಟೆ ಇಡುವ ಕಾಲದಲ್ಲಿ ಬಲೆ ಬೀಸಬಾರದೆಂದು ಯಾಂತ್ರಿಕ ದೋಣಿಗಳಿಗೆಲ್ಲ ನಿಷೇಧ. ಆ ದಿನಗಳಲ್ಲಿ ಮಲ್ಪೆ ಬಂದರಿಗೆ ಹೋದರೆ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಟಾರ್ಪಾಲಿನಡಿ ಬಲೆ ರಿಪೇರಿ ನಡೆದಿರುತ್ತದೆ, ಹೊರರಾಜ್ಯದ ಕೆಲಸಗಾರರು ರೈಲು ಹತ್ತಿ ಊರು ಸೇರಿರುತ್ತಾರೆ. ಅಲ್ಲಿಂದ ಕೂಗಳತೆ ದೂರದ ಹೋಟೆಲಿನಲ್ಲಿ ಮಾತ್ರ ಅಂಜಲ್, ಕಾಣೆ, ಬಂಗುಡೆ, ಪಾಂಫ್ರೆಟ್, ಸಿಗಡಿ, ಏಡಿ ಎಲ್ಲವೂ ಡ್ಯೂಟಿಯಲ್ಲಿರುತ್ತವೆ. ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ‘ದಿನದ ತಾಜಾ ಮೀನು’. ಯಾವ ದಿನ ಎಂದು ಬರೆಯಲು ಹಲಗೆಯಲ್ಲಿ ಜಾಗ ಸಾಕಾಗಿಲ್ಲ.

ಹಾಗೆಂದು ಹೋಟೆಲಿನವರು ಕಾನೂನು ಮುರಿದರು ಎನ್ನುವಂತಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ವಿನಾಯಿತಿ ಉಂಟು. ಮಳೆ ಬಿಡುವು ಕೊಟ್ಟು, ಕಡಲು ಒಪ್ಪಿದ ದಿನ ಅವು ಒಂದಿಷ್ಟು ಮೀನು ತರುತ್ತವೆ. ಆದರೆ ಶನಿವಾರ ಘಾಟಿ ಇಳಿದು ಬರುವ ಕಾರುಗಳ ಸಾಲು ನೋಡಿದರೆ ಆ ಮೀನು ಮೊದಲ ನಾಲ್ಕು ಟೇಬಲಿಗೂ ಸಾಲದು. ಉಳಿದವರಿಗೆ ಐಸ್ ಉಂಟು, ಲಾರಿ ಉಂಟು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ನಮ್ಮ ಬೋಟುಗಳು ಲಂಗರು ಹಾಕಿ ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲಿಯ ಬೋಟುಗಳು ನೀರಿಗಿಳಿದಿರುತ್ತವೆ. ಹೀಗಾಗಿ ಅರಬ್ಬೀ ಸಮುದ್ರಕ್ಕೆ ಮುಖ ಮಾಡಿ ಕೂತ ಗಿರಾಕಿ ಬಂಗಾಳ ಕೊಲ್ಲಿಯ ಮೀನಿನ ಮುಳ್ಳು ಬಿಡಿಸುತ್ತ, ‘ಕಡಲ ತಡಿಯಲ್ಲಿ ಕೂತು ತಿನ್ನುವ ಮೀನಿನ ರುಚಿಯೇ ಬೇರೆ’ ಎನ್ನುತ್ತಾನೆ. ಬೇರೆಯೇ. ಅದರಲ್ಲಿ ಅನುಮಾನವಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಹೆದ್ದಾರಿ 66ರ ಬದಿಯ ಹೋಟೆಲೊಂದರಲ್ಲಿ ಪಕ್ಕದ ಟೇಬಲಿನ ಮಾತು ಕಿವಿಗೆ ಬಿತ್ತು.

“ಬಂಗುಡೆ ಫ್ರೆಶ್ ಇದ್ಯಾ?”

“ಫ್ರೆಶ್ ಸರ್.”

“ಇವತ್ತಿಂದಾ?”

“ಇವತ್ತು ಬೆಳಿಗ್ಗೆಯೇ ಬಂದದ್ದು ಸರ್.”

ಸಪ್ಲೈಯರ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಳಿಗ್ಗೆಯೇ ಬಂದದ್ದು. ಎಲ್ಲಿಂದ ಬಂತು, ಹೊರಟು ಎಷ್ಟು ದಿನವಾಯಿತು ಎಂದು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. ಹೊರಗೆ ಮಳೆ ಹುಯ್ಯುತ್ತಿತ್ತು, ಅಲೆಗಳು ತಡೆಗೋಡೆಯ ಕಲ್ಲು ದಾಟಿ ರಸ್ತೆಯ ಕಡೆಗೆ ಚಿಮ್ಮುತ್ತಿದ್ದವು. ಕಿಟಕಿಯಿಂದ ಅದನ್ನೆಲ್ಲ ವಿಡಿಯೋ ಮಾಡಿಕೊಂಡ ಅದೇ ಮನುಷ್ಯನಿಗೆ, ಈ ಕಡಲಿಗೆ ಇವತ್ತು ಯಾವ ಪುಣ್ಯಾತ್ಮ ಇಳಿದಿರಬಹುದು ಎಂಬ ಯೋಚನೆ ಬರಲಿಲ್ಲ. ಇನ್ನು ಆ ಸಪ್ಲೈಯರ್ ಸತ್ಯಹರಿಶ್ಚಂದ್ರನಾಗಿ, ‘ಇವತ್ತು ಹಸಿಮೀನು ಇಲ್ಲ ಸರ್, ಒಣಮೀನಿನ ಚಟ್ನಿ, ಹುರುಳಿ ಸಾರು, ಪತ್ರೊಡೆ ಉಂಟು’ ಎಂದಿದ್ದರೆ? ಆ ಸಂಸಾರ ಎದ್ದು ಪಕ್ಕದ ಹೋಟೆಲಿಗೆ ಹೋಗುತ್ತಿತ್ತು. ಅಲ್ಲಿ ಬಂಗುಡೆ ಬೆಳಿಗ್ಗೆಯೇ ಬಂದಿರುತ್ತಿತ್ತು. ಕರಾವಳಿಯ ಹೋಟೆಲು ಹೀಗೆ ಅರ್ಧ ಸತ್ಯ ಹೇಳಲು ತಾನಾಗಿ ಕಲಿಯಲಿಲ್ಲ. ಕಲಿಸಿದ ಮೇಷ್ಟ್ರುಗಳು ಟೇಬಲಿನ ಈಚೆ ಕಡೆ ಕೂತಿದ್ದೇವೆ.

ಮೆನು ಕಾರ್ಡಿನಲ್ಲಿ ಪಾಂಫ್ರೆಟ್ಟಿನ ಎದುರು ಬೆಲೆ ಇರುವುದಿಲ್ಲ, ‘ಎಪಿಎಸ್’ ಎಂದಿರುತ್ತದೆ. ಅದೊಂದು ಹೊಸ ಮಸಾಲೆಯೆಂದುಕೊಂಡು ‘ಒಂದು ಪಾಂಫ್ರೆಟ್ ಎಪಿಎಸ್, ಖಾರ ಕಮ್ಮಿ’ ಎಂದವರೂ ಉಂಟಂತೆ. ಗಾತ್ರಕ್ಕೆ ತಕ್ಕ ಬೆಲೆ ಎಂದು ಅದರ ಅರ್ಥ. ಯಾರ ಗಾತ್ರ ಎಂದು ಮಾತ್ರ ಕಾರ್ಡು ಬಿಡಿಸಿ ಹೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸ್ಟೀಲಿನ ಟ್ರೇಯಲ್ಲಿ ಐಸಿನ ಮೇಲೆ ಮಲಗಿದ ಮೀನುಗಳು ಬರುತ್ತವೆ. ಹೆಣ್ಣು ನೋಡುವ ಶಾಸ್ತ್ರದಂತೆ ಇಡೀ ಕುಟುಂಬ ಕತ್ತು ಚಾಚಿ ನೋಡುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಕೆಎ 19, ಕೆಎ 20ರವರು ಕೂತ ಟೇಬಲಾದರೆ ಒಬ್ಬರಾದರೂ ಕಿವಿರು ಎತ್ತಿ ಕೆಂಪಿದೆಯೋ ಕಂದಿದೆಯೋ ನೋಡುತ್ತಾರೆ ಎಂಬ ಭಯ ಸಪ್ಲೈಯರಿಗೆ ಉಂಟು. ಆ ಭಯವೂ ಈಗ ಕಮ್ಮಿಯಾಗುತ್ತ ಬಂದಿದೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸಿನೊಂದಿಗೆ ಹತ್ತು ರೂಪಾಯಿಗೆ ಅರ್ಧ ಗಂಟೆ ಜಗಳ ಕಾಯುವ ನಮ್ಮವರೇ, ರಾತ್ರಿ ಮಂದ ಬೆಳಕಿನ ಹೋಟೆಲಿನಲ್ಲಿ ‘ಇದು ಒಂಬೈನೂರು ಸರ್’ ಎಂದರೆ ತುಟಿಪಿಟಿಕ್ಕೆನ್ನುವುದಿಲ್ಲ. ಅಷ್ಟು ಮಂದ ಬೆಳಕಿನಲ್ಲಿ ಕಿವಿರಿನ ಬಣ್ಣ ನೋಡಲು ಟಾರ್ಚು ಬೇಕು. ಟಾರ್ಚು ತೆಗೆದರೆ ಮರ್ಯಾದೆ ಹೋಗುತ್ತದೆ.

ಮುಳ್ಳಿಗೆ ಹೆದರುವವರದು ಇನ್ನೊಂದು ಪಂಗಡ. ‘ಬೋನ್‌ಲೆಸ್ ಬೂತಾಯಿ ಇದೆಯಾ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಸಪ್ಲೈಯರಿಗೆ ವರ್ಷಕ್ಕೊಮ್ಮೆ ಸನ್ಮಾನ ಮಾಡಬೇಕು. ಇಂಥವರಿಗಾಗಿಯೇ ಬಿಳಿಯ, ಮೆತ್ತನೆಯ, ಯಾವ ವಾಸನೆಯೂ ಇಲ್ಲದ ತುಂಡೊಂದು ಫ್ರೀಜರಿನಲ್ಲಿ ಕಾದಿರುತ್ತದೆ. ಅದರ ಹೆಸರು ಬಾಸಾ, ಮೂಲ ಮೆಕಾಂಗ್ ನದಿ. ಹುಟ್ಟಿದಂದಿನಿಂದ ಉಪ್ಪುನೀರು ಕಾಣದ ಈ ಮೀನಿಗೆ ಕಡಲತಡಿಯಲ್ಲಿ ‘ಕೋಸ್ಟಲ್ ಫಿಶ್ ಫಿಂಗರ್’ ಎಂಬ ಬಿರುದು. ಸಿಗಡಿಯ ಜಾತಕ ಇದಕ್ಕಿಂತ ದೊಡ್ಡದು. ಪೆಸಿಫಿಕ್ ಸಾಗರದ ಆಚೆ ದಡದ ವನಾಮಿ ತಳಿಯನ್ನು ಸಾಕಲು 2009ರಲ್ಲಿ ನಮ್ಮಲ್ಲಿ ಒಪ್ಪಿಗೆ ಸಿಕ್ಕಿತು. ಆಂಧ್ರದ ಹೊಂಡಗಳಲ್ಲಿ ಅದು ಬೆಳೆಯುತ್ತದೆ. ಮೆಣಸು ಬ್ಯಾಡಗಿಯದು. ಅಡುಗೆಯವನು ಒಡಿಶಾದವನು. ಇವೆಲ್ಲ ಕೂಡಿ ತಟ್ಟೆಗೆ ಬಂದಾಗ ಅದು ‘ಕುಂದಾಪುರ ಪ್ರಾನ್ಸ್ ಘೀ ರೋಸ್ಟ್’. ಅದರಲ್ಲಿ ಕುಂದಾಪುರದ್ದೆಂದು ಆಣೆ ಮಾಡಿ ಹೇಳಬಹುದಾದದ್ದು ಬಿಲ್ಲಿನ ತಲೆಯ ಮೇಲಿನ ವಿಳಾಸ ಮಾತ್ರ. ಒಡಿಶಾದ ಹುಡುಗನ ಮೇಲೆ ತಪ್ಪು ಹೊರಿಸಬೇಡಿ. ನಮ್ಮ ಹುಡುಗರು ಮುಂಬೈ, ಬೆಂಗಳೂರು, ದುಬೈಗೆ ಹೋಗಿ ಬಿಟ್ಟ ಜಾಗದಲ್ಲಿ ನಿಂತು ಅವನು ನೀರುದೋಸೆಯನ್ನು ಹರಿಯದೆ ಎತ್ತುತ್ತಾನೆ. ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕೆ ಅದು ಬರುತ್ತದೆ?

ಘೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ 1950ರ ದಶಕದಲ್ಲಿ ಹುಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಹುಟ್ಟಿದಾಗ ಅದು ಕೋಳಿಯದು. ಈಗ ಪನೀರ್ ಘೀ ರೋಸ್ಟ್, ಅಣಬೆ ಘೀ ರೋಸ್ಟ್, ಮೊಟ್ಟೆ ಘೀ ರೋಸ್ಟ್, ಘೀ ರೋಸ್ಟ್ ದೋಸೆ, ಘೀ ರೋಸ್ಟ್ ಪಿಜ್ಜಾ. ಕೆಂಪು ಮಸಾಲೆಯಲ್ಲಿ ಹೊರಳಾಡದೆ ಉಳಿದಿರುವುದು ಇನ್ನು ಐಸ್‌ಕ್ರೀಂ ಒಂದೇ. ಆ ಸುದ್ದಿಯೂ ಯಾವ ದಿನ ಬರುತ್ತದೋ.

ಕರಾವಳಿಗೆ ಬರುವವರಿಗೆ ಕಡಲು ಬೇಕು, ಕಡಲಿನ ಸೆಖೆ ಬೇಡ. ಅದಕ್ಕೆ ನಮ್ಮ ಹೋಟೆಲುಗಳು ಕಡಲಿಗೂ ಟೇಬಲಿಗೂ ನಡುವೆ ಗಾಜಿನ ಗೋಡೆ ಎಬ್ಬಿಸಿವೆ. ಗಾಳಿ ಒಳಗೆ ಬರಬಾರದು, ಅಲೆಯ ಸದ್ದು ಕೇಳಬಾರದು, ಮೀನಿನ ವಾಸನೆಯಂತೂ ಸುಳಿಯಲೇಬಾರದು. ಹಾಗೆ ಎಲ್ಲವನ್ನೂ ಹೊರಗಿಟ್ಟ ಮೇಲೆ ಸ್ಪೀಕರಿನಲ್ಲಿ ಅಲೆಯ ಸದ್ದನ್ನು ಸಣ್ಣಗೆ ಹಾಕುತ್ತಾರೆ. ಪುಳಿಮುಂಚಿ ತಿನ್ನುವಾಗ ಹಣೆಯಲ್ಲಿ ಬೆವರು ಇಳಿಯಬೇಕು, ಮೂಗು ಸೋರಬೇಕು, ತಲೆಯ ಮೇಲೆ ಫ್ಯಾನು ಕಟಕಟ ಎನ್ನಬೇಕು ಎಂಬುದೆಲ್ಲ ಹಳೆಯ ಕಾಲದ ಮಾತಾಯಿತು. ನಾವು ಊರಿನವರೂ ಈಗ ಒಳಗೆ ಕಾಲಿಡುವ ಮುಂಚೆ ಕೇಳುವುದು ‘ಎಸಿ ಉಂಟಾ?’ ಎಂದೇ. ಕೆಳಗಿನ ಸಾದಾ ಹಾಲಿನಲ್ಲೂ ಮೇಲಿನ ಎಸಿ ಹಾಲಿನಲ್ಲೂ ಬಡಿಸುವುದು ಅದೇ ಪಾತ್ರೆಯ ಸಾರು, ಅದೇ ಸೌಟು. ಬೆಲೆ ಮಾತ್ರ ಮೆಟ್ಟಿಲು ಹತ್ತುತ್ತ ಏರುತ್ತದೆ. 2017ರ ನವೆಂಬರಿನಿಂದ ಸರಕಾರ ಸಾಮಾನ್ಯ ಹೋಟೆಲುಗಳಿಗೆ ಎಸಿ, ಎಸಿಯಲ್ಲದ್ದು ಎಂಬ ಭೇದ ಎಣಿಸದೆ ಶೇಕಡಾ 5 ಜಿಎಸ್‌ಟಿ ಹಾಕಿತು. ಸರಕಾರವೇ ಬಿಟ್ಟ ಭೇದವನ್ನು ಹೋಟೆಲು ಬಿಡಲಿಲ್ಲ, ನಾವೂ ಬಿಡಿಸಲಿಲ್ಲ.

ಇನ್ನು ‘ಅಪ್ಪಟ ಮನೆ ಊಟ’. ಇದನ್ನು ಬೋರ್ಡಿನಲ್ಲಿ ಬರೆದ ಹೋಟೆಲಿಗೆ ಹೊಕ್ಕರೆ ಯಾವ ಮನೆಯಲ್ಲೂ ಇಲ್ಲದ ಸಾಮಾನುಗಳೆಲ್ಲ ಕಾಣುತ್ತವೆ. ಗೋಡೆಯ ಮೇಲೆ ಹರಿದ ಬಲೆ, ಮೂಲೆಯಲ್ಲಿ ಅರ್ಧ ಕೊಯ್ದ ದೋಣಿ, ಕೈತೊಳೆಯುವಲ್ಲಿ ಹಿತ್ತಾಳೆಯ ಹಂಡೆ, ಗಲ್ಲಾದ ಹಿಂದೆ ಯಕ್ಷಗಾನದ ಕಿರೀಟ. ಆ ಕಿರೀಟ ಯಾವ ವೇಷದ್ದೆಂದು ಗಲ್ಲಾದಲ್ಲಿ ಕೂತವರನ್ನು ಕೇಳಿ ನೋಡಿ, ‘ಡೆಕೊರೇಟರ್ ತಂದದ್ದು’ ಎನ್ನುತ್ತಾರೆ. ಬಾಳೆಲೆ ಉಂಟು, ಆದರೆ ಸ್ಟೀಲು ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿದ್ದು. ತಟ್ಟೆಯಲ್ಲಿ ಬಾಳೆಲೆಯೋ, ಬಾಳೆಲೆಯ ಮೇಲೆ ತಟ್ಟೆಯೋ ಎಂಬ ತರ್ಕ ಮಾಡುತ್ತ ಕೂತರೆ ಅನ್ನ ಆರುತ್ತದೆ. ಸಣ್ಣ ಮಡಕೆಯಲ್ಲಿ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ತೊಂಡೆಕಾಯಿ ಪಲ್ಯ, ಒಂದು ಚಮಚ ಮಾವಿನ ಉಪ್ಪಿನಕಾಯಿ. ಜ್ವರ ಬಂದವರಿಗೆ ಮನೆಯಲ್ಲಿ ಕೊಡುವ ಈ ಗಂಜಿಯ ಬೆಲೆ ನೋಡಿದರೆ ಆರೋಗ್ಯವಂತನಿಗೂ ಜ್ವರ ಬರುತ್ತದೆ. ಮನೆಯಲ್ಲಿ ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆಂದು ಬೆಳ್ತಿಗೆಗೆ ಬದಲಾದವರೇ ಇಲ್ಲಿ ಬಂದು ಮಡಕೆಯ ಫೋಟೋ ತೆಗೆದು ‘ಬಾಲ್ಯದ ನೆನಪು’ ಎಂದು ಹಾಕುವುದು. ಫೋಟೋ ಚೆನ್ನಾಗಿ ಬರಬೇಕೆಂದು ಎದ್ದು ನಿಂತು, ಕುರ್ಚಿ ಹತ್ತಿ, ಪಕ್ಕದವರ ಫೋನಿನ ಲೈಟೂ ಹಾಕಿಸಿ ಮುಗಿಸುವಷ್ಟರಲ್ಲಿ ರವಾ ಫ್ರೈ ತಣ್ಣಗಾಗಿ ಮೆತ್ತಗಾಗಿರುತ್ತದೆ. ‘ಕ್ರಿಸ್ಪಿ ಇರಲಿಲ್ಲ’ ಎಂದು ಅದಕ್ಕೂ ಒಂದು ಸ್ಟಾರ್ ಕಡಿತ.

ಇದೆಲ್ಲದಕ್ಕೆ ಕಳಸ ಇಡುವುದು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆ ತಿಂಗಳು ಹಸಿವಿನದಾಗಿತ್ತು. ಗದ್ದೆಯ ಕೆಲಸ ಮುಗಿದು ಕೂಲಿ ಇಲ್ಲ, ಕಣಜ ತಳ ಕಂಡಿದೆ, ಕಡಲಿಗೆ ಇಳಿಯುವಂತಿಲ್ಲ. ಅದಕ್ಕೇ ಬೇಸಗೆಯಲ್ಲೇ ಹೆಂಗಸರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ಕಟ್ಟುತ್ತಿದ್ದರು, ಹಲಸಿನ ಬೀಜ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಡುತ್ತಿದ್ದರು, ಮೀನು ಒಣಗಿಸಿ ತೂಗುಹಾಕುತ್ತಿದ್ದರು. ಹಿತ್ತಲಿನ ಕೆಸುವಿನ ಎಲೆ ಪತ್ರೊಡೆಯಾಯಿತು, ದಾರಿಬದಿಯ ತಗಟೆ ಸೊಪ್ಪು ಪಲ್ಯವಾಯಿತು, ಬಿದಿರ ಮೊಳಕೆ ಕಣಿಲೆಯಾಗಿ ಸಾರಿಗೆ ಬಿತ್ತು. ಮೀನು ಇಲ್ಲ, ಅಕ್ಕಿ ಇಲ್ಲ ಎನ್ನುವ ಕಾಲಕ್ಕೆ ಈ ನೆಲ ಬೆವರು ಹರಿಸಿ ಕಂಡುಕೊಂಡ ಅಡುಗೆ ಇದು. ಈಗ ಅದೇ ಹೆಸರಿನಲ್ಲಿ ಹೋಟೆಲುಗಳಲ್ಲಿ ‘ಆಟಿ ಸ್ಪೆಷಲ್ ಬಫೆ’. ತಗಟೆ ಸೊಪ್ಪಿನ ಪಕ್ಕದಲ್ಲಿ ಅಂಜಲ್ ತವಾ ಫ್ರೈ, ಕಣಿಲೆಯ ಪಕ್ಕದಲ್ಲಿ ಚಿಕನ್ ಸುಕ್ಕ, ಕೊನೆಗೆ ಗಡ್‌ಬಡ್. ‘ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ’ ಎಂದು ಬೋರ್ಡು. ಹಿಂದಿನ ಆಟಿಯಲ್ಲಿ ಎಲ್ಲರಿಗೂ ಅರ್ಧವೇ.

ಮೀನಿನವರನ್ನಷ್ಟೇ ಹಿಡಿದು ಬಯ್ದರೆ ಸಸ್ಯಾಹಾರಿಗಳು ಮುಸಿಮುಸಿ ನಗುತ್ತಾರೆ. ಅವರ ಲೆಕ್ಕವೂ ಉಂಟು. ಉಡುಪಿಯ ಮಠಗಳ ಅಡುಗೆಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಒಂದೊಂದನ್ನೇ ಬಿಡುತ್ತ ಬಿಡುತ್ತಲೇ ಆ ಭಟ್ಟರುಗಳ ಕೈ ಪಳಗಿತು. ಅದೇ ನೆಲದ ಕಡಂದಲೆಯಿಂದ ಹೊರಟ ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಉಡುಪಿ ಹೋಟೆಲೆಂಬ ಹೆಸರು ಊರೂರು ಸುತ್ತಿ ಕಡಲೂ ದಾಟಿತು. ಹಾಗೆ ಲೋಕಕ್ಕೆಲ್ಲ ದೋಸೆ ತಿನ್ನಿಸಿ ತವರಿಗೆ ಮರಳಿದ ಉಡುಪಿ ಹೋಟೆಲಿನ ಬಾಗಿಲಲ್ಲಿ ಈಗ ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರ್, ಚಾಟ್ಸ್’. ಗೋಳಿಬಜೆಗೆ ಮಧ್ಯಾಹ್ನದ ನಂತರ ಬನ್ನಿ ಎಂದು ಹೇಳಿ ಕಳಿಸುವ ಮಾಣಿಗಳಿದ್ದರು. ಆ ಹೊತ್ತಿಗೆ ಹೋದರೆ ಬಾಣಲೆಯಿಂದ ಎತ್ತಿದ್ದೇ ತಟ್ಟೆಗೆ ಬೀಳುತ್ತಿತ್ತು. ಈಗ ಬೆಳಿಗ್ಗೆ ಎಂಟಕ್ಕೆ ಕೇಳಿದರೂ ಗೋಳಿಬಜೆ ಸಿಗುತ್ತದೆ. ಮೈಕ್ರೋವೇವಿನಿಂದ ಎದ್ದು ಬಂದ ನಿನ್ನೆಯ ಗೋಳಿಬಜೆಯನ್ನು ನೆಲಕ್ಕೆ ಹಾಕಿದರೆ ಎರಡು ಸಲ ಪುಟಿಯುತ್ತದೆ.

ಹಾಗಾದರೆ ಊರಿನವರು ಹೋಟೆಲಿಗೆ ಹೋಗಿ ತಿನ್ನುವುದೇನು? ಭಾನುವಾರ ರಾತ್ರಿ ಮಂಗಳೂರಿನ ಯಾವುದೇ ‘ಫ್ಯಾಮಿಲಿ ರೆಸ್ಟೋರೆಂಟ್’ಗೆ ಹೋಗಿ ನೋಡಿ. ಮೀನಿನ ಟೇಬಲುಗಳಲ್ಲೆಲ್ಲ ಘಟ್ಟದ ಮೇಲಿನವರು. ನಮ್ಮವರ ಟೇಬಲಿನಲ್ಲಿ ಬಟರ್ ನಾನ್, ಪನೀರ್ ಬಟರ್ ಮಸಾಲ, ಷೆಜ್ವಾನ್ ನೂಡಲ್ಸ್, ನಡುವೆ ದೇವರಂತೆ ಗೋಬಿ ಮಂಚೂರಿ. ‘ಮೀನು ಮನೆಯಲ್ಲಿ ದಿನಾ ಉಂಟಲ್ಲ ಮಾರಾಯ್ರೆ’ ಎಂಬ ಸಮಜಾಯಿಷಿ ತಯಾರಿರುತ್ತದೆ. 2024ರ ಮಾರ್ಚಿನಲ್ಲಿ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದಿತು, ಜೂನಿನಲ್ಲಿ ಕಬಾಬಿಗೂ ಆ ಮಾತು ಹೇಳಿತು. ಅದಾದ ಮೇಲೆ ಬಂದ ಕಂದು ಬಣ್ಣದ ಗೋಬಿಯನ್ನು ನೋಡಿ ಗಿರಾಕಿಗಳು ಮಾಡಿದ ತಕರಾರು ‘ಇದೆಂತ, ಕೆಂಪೇ ಇಲ್ಲ?’ ಎಂದು. ವಿಷ ಹಾಕದಿದ್ದುದಕ್ಕೆ ಅಡುಗೆಯವನು ಕೈಮುಗಿದು ಕ್ಷಮೆ ಕೇಳಬೇಕಾಯಿತು.

ಬಿಡುವುದು ನಮಗೆ ಗೊತ್ತೇ ಇಲ್ಲ ಎಂದಲ್ಲ. ಸೋಮವಾರ ಮೀನು ಮುಟ್ಟದವರಿದ್ದೇವೆ, ಸಂಕ್ರಮಣಕ್ಕೆ ಬಿಡುವವರಿದ್ದೇವೆ, ನವರಾತ್ರಿಯಲ್ಲಿ, ಶಬರಿಮಲೆಗೆ ಮಾಲೆ ಹಾಕಿದಾಗ, ದೈವದ ಕೋಲ ನಿಶ್ಚಯವಾದಾಗ ಬಿಡುವವರಿದ್ದೇವೆ. ಆಗೆಲ್ಲ ಹೋಟೆಲಿನಲ್ಲಿ ‘ಇವತ್ತು ಆಗುವುದಿಲ್ಲ’ ಎಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ. ದೇವರಿಗಾಗಿ ಮೀನು ಬಿಡುತ್ತೇವೆ, ದೈವಕ್ಕಾಗಿ ಬಿಡುತ್ತೇವೆ, ಡಾಕ್ಟರು ಹೆದರಿಸಿದರೂ ಬಿಡುತ್ತೇವೆ. ಮೀನಿಗಾಗಿ ಮೀನು ಬಿಡಿ ಎಂದರೆ ಮಾತ್ರ ಧರ್ಮಸಂಕಟ.

ಮಾರುಕಟ್ಟೆಯ ಹಿಂದಿನ ಓಣಿಯೊಂದರಲ್ಲಿ ಆರು ಟೇಬಲಿನ ಊಟದ ಹೋಟೆಲು ಇದೆ. ಹೆಂಡತಿ ಒಲೆಯ ಹತ್ತಿರ, ಗಂಡ ಗಲ್ಲಾದಲ್ಲಿ. ಮೆನು ಕಾರ್ಡು ಇಲ್ಲ. ಗಂಡ ಬೆಳಿಗ್ಗೆ ದಕ್ಕೆಗೆ ಹೋಗಿ, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ ತರುತ್ತಾನೆ. ಏನು ಸಿಕ್ಕಿತೋ ಅದೇ ಅಂದಿನ ಸಾರು. ನಂಗು ಸಿಕ್ಕಿದರೆ ನಂಗು, ಮರ್ವಾಯಿ ಸಿಕ್ಕಿದರೆ ಮರ್ವಾಯಿ. ಮಳೆಗಾಲದಲ್ಲಿ ಎಷ್ಟೋ ದಿನ ಹುರುಳಿ ಸಾರು, ಸುಟ್ಟ ಒಣಮೀನು, ಕುಚ್ಚಲಕ್ಕಿ ಅನ್ನ ಅಷ್ಟೇ. ಮಧ್ಯಾಹ್ನ ಎರಡಕ್ಕೆ ಪಾತ್ರೆ ಖಾಲಿ, ಬಾಗಿಲು ಅರ್ಧ ಎಳೆದಾಗುತ್ತದೆ. ಆ ಓಣಿಗೆ ಒಬ್ಬ ವ್ಲಾಗರ್ ಬಂದು ‘ಗುಪ್ತ ನಿಧಿ’ ಎಂದು ಕೂಗಿ ಹೋದ. ಹಿಂದಿನಿಂದಲೇ ಜನ ಬಂದರು, ನಿಧಿ ಅಗೆದರು, ಸ್ಟಾರುಗಳನ್ನು ಬಿಟ್ಟು ಹೋದರು. ‘ಪಾಂಫ್ರೆಟ್ ಸಿಗಲಿಲ್ಲ, ಒಂದು ಸ್ಟಾರ್.’ ‘ಎರಡೂವರೆಗೆ ಹೋದರೆ ಊಟ ಮುಗಿದಿದೆ ಎಂದರು, ಬಹಳ ಒರಟು, ಒಂದು ಸ್ಟಾರ್.’ ‘ಕಾರು ನಿಲ್ಲಿಸಲು ಜಾಗವಿಲ್ಲ, ಎಸಿ ಇಲ್ಲ, ಆಯ್ಕೆ ಇಲ್ಲ, ಮೀನು ಮಾತ್ರ ಚೆನ್ನಾಗಿತ್ತು, ಎರಡು ಸ್ಟಾರ್.’ ಕರಾವಳಿಯಲ್ಲಿ ನಿಜ ಹೇಳುವ ಹೋಟೆಲಿನ ಮಾರುಕಟ್ಟೆ ದರ ಸದ್ಯಕ್ಕೆ ಒಂದೂ ಚಿಲ್ಲರೆ ಸ್ಟಾರ್. ಅದೇ ರಸ್ತೆಯ ತುದಿಯಲ್ಲಿ, ವರ್ಷದ ಎಲ್ಲ ದಿನವೂ ಹದಿನೆಂಟು ಬಗೆಯ ಮೀನು ಕೊಡುವ ಗಾಜಿನ ಕಟ್ಟಡಕ್ಕೆ ನಾಲ್ಕೂವರೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದರೆ ಹೇಗೆ? ಹೋಟೆಲು ಎಷ್ಟು ಬಗೆ ಕೊಟ್ಟಿತು ಎಂದು ನೋಡದೆ, ಎಷ್ಟನ್ನು ಇವತ್ತು ಕೊಡಲಾರೆ ಎಂದಿತೋ ಅಷ್ಟು ಸ್ಟಾರ್ ಕೊಡುವುದು. ಪ್ರವಾಸೋದ್ಯಮ ಇಲಾಖೆಯವರು ಮುದ್ರಿಸುವ ಕೈಪಿಡಿಗಳಲ್ಲಿ ಬೀಚುಗಳ ಪಟ್ಟಿಯ ಪಕ್ಕದಲ್ಲಿ, ಯಾವ ತಿಂಗಳು ಯಾವ ಮೀನು ಕೇಳಬಾರದು ಎಂಬ ಪಟ್ಟಿಯನ್ನೂ ಹಾಕಬಹುದು. ಎಪಿಎಸ್ ಎಂದು ಬರೆಯುವ ಜಾಗದಲ್ಲಿ ಮೀನು ಹಿಡಿದ ಊರು, ಐಸಿನಲ್ಲಿ ಕಳೆದ ದಿನ ಬರೆಯಲಿ ಎಂದು ಆದೇಶ ಹೊರಡಿಸಬಹುದು. ಹೊರಡಿಸಿದ ಮಾರನೆಯ ದಿನ ಎಲ್ಲ ಮೀನೂ ಮಲ್ಪೆಯದೇ, ಇವತ್ತಿನದೇ ಆಗುತ್ತದೆ ಎಂಬುದು ಗೊತ್ತಿದ್ದರೂ.

ಆದ್ದರಿಂದ ಆದೇಶಕ್ಕೆ ಕಾಯದೆ ಗಿರಾಕಿಯೇ ಮಾಡಬಹುದಾದ ಸಣ್ಣ ಪರೀಕ್ಷೆಯೊಂದಿದೆ, ಖರ್ಚಿಲ್ಲದ್ದು. ಮಳೆಗಾಲದಲ್ಲಿ ಕರಾವಳಿಯ ಹೋಟೆಲಿಗೆ ಹೋದಾಗ ಮೆನು ಕಾರ್ಡನ್ನು ಮುಚ್ಚಿಡಿ. ‘ಅಂಜಲ್ ಉಂಟಾ, ಕಾಣೆ ಉಂಟಾ’ ಎಂದು ಒಂದೊಂದೇ ಹೆಸರು ಹಿಡಿದು ಕೇಳಬೇಡಿ. ಹಾಗೆ ಕೇಳಿದರೆ ಉಂಟು ಎನ್ನದೆ ಅವರಿಗೆ ಗತಿಯಿಲ್ಲ. ‘ಇವತ್ತು ಎಂತ ಉಂಟು?’ ಎಂದಷ್ಟೇ ಕೇಳಿ. ಸಪ್ಲೈಯರ್ ತಲೆ ಕೆರೆದು, ಒಳಗೆ ಇಣುಕಿ, ಎರಡೋ ಮೂರೋ ಹೆಸರು ಹೇಳಿದರೆ ಧೈರ್ಯವಾಗಿ ಕೈತೊಳೆದು ಬನ್ನಿ. ‘ಎಲ್ಲ ಉಂಟು ಸರ್’ ಎಂದರೆ, ನೀರು ಕುಡಿದು ಎದ್ದುಬಿಡಿ.